ಸೊರಬದಲ್ಲಿ ಕಾಯುತ್ತಿದ್ದ ಕವಿತಾ

ನಿನ್ನೆ ಸಂಜೆ ಹತ್ತನೇ ತರಗತಿಯ ಪ್ರಶ್ನೆಪತ್ರಿಕೆ ಟೈಪ್ ಮಾಡೋಣವೆಂದು ಕಂಪ್ಯೂಟರಿನ ಹೊದಿಕೆ ತೆಗೆದು ಕೂತಿದ್ದೆ. ಯಾವುದೋ ಪದದ ಅರ್ಥ ನೋಡಲು ಒಂದು ಪುಟ ತೆರೆದೆ ನೋಡಿ, ಮೇಲಿನಿಂದ 'ಟಿಂಗ್' ಎಂದು ಪುಟ್ಟ ಚೌಕವೊಂದು ಇಳಿಯಿತು. 'ಈ ತಾಣವು ನಿಮಗೆ ಸೂಚನೆಗಳನ್ನು ಕಳುಹಿಸಲು ಬಯಸುತ್ತದೆ. ಅನುಮತಿಸಿ. ನಿರ್ಬಂಧಿಸಿ.' ಇಷ್ಟೇ. ನಿಮಗೂ ದಿನಕ್ಕೆ ಹತ್ತು ಸಲ ಇಂಥದ್ದು ಇಳಿಯುತ್ತಿರಬಹುದು, ನೀವು ನೊಣ ಓಡಿಸಿದ ಹಾಗೆ ಓಡಿಸಿ ಮುಂದೆ ಹೋಗುತ್ತೀರಿ. ನನಗೆ ಮಾತ್ರ ಕೈ ಅಲ್ಲೇ ನಿಂತುಬಿಡುತ್ತದೆ. ಮೂಗಿಗೆ ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ ಬರುತ್ತದೆ. ಕಿವಿಯಲ್ಲಿ ಸೊರಬದ ಬಸ್‌ಸ್ಟ್ಯಾಂಡಿನ ಕಂಡಕ್ಟರು 'ಆನವಟ್ಟಿ ಆನವಟ್ಟಿ' ಎಂದು ಕೂಗುತ್ತಾನೆ. ಕಂಪ್ಯೂಟರಿಗೂ ಜವಳಿಗೂ ಸೊರಬಕ್ಕೂ ಏನು ನಂಟು ಎನ್ನುತ್ತೀರಾ? ಹೇಳುತ್ತೇನೆ. ಸ್ವಲ್ಪ ಸುತ್ತುಬಳಸಿನ ದಾರಿ, ಜೊತೆಗೆ ಬನ್ನಿ.

ಆ ಹೊದಿಕೆ ಇದೆಯಲ್ಲ, ಕೆಂಪು ಅಂಚಿನ ಬೂದು ಬಟ್ಟೆ, ಅದು ನಮ್ಮ ಮಾವನವರ ಅಂಗಡಿಯ ಕೊನೆಯ ತಾನಿನ ತುಂಡು. ಮಾವ ಶಿಕಾರಿಪುರದ ಪೇಟೆಯಲ್ಲಿ ನಲವತ್ತು ವರ್ಷ ಜವಳಿ ಅಂಗಡಿ ಇಟ್ಟಿದ್ದವರು. ಮಂಡಿ ನೋವು ಬಂದು ಗಾದಿಯ ಮೇಲೆ ಕೂತು ಏಳುವುದು ಕಷ್ಟವಾದ ಮೇಲೆ ಅಂಗಡಿ ಬಿಟ್ಟರು. ಬರುವಾಗ ಮನೆಗೆ ತಂದದ್ದು ಒಂದು ಗಜಕಡ್ಡಿ, ಒಂದು ಗಂಟು ರವಿಕೆ ಕಣ, ಅಂಗಡಿಯ ಹೆಸರು ಅಚ್ಚಾದ ಕಾಗದದ ಕವರುಗಳ ಒಂದು ಕಟ್ಟು, ಮತ್ತೆ ಒಂದು ನಿಯಮ. ಮೊದಲ ಮೂರನ್ನು ಅಟ್ಟಕ್ಕೆ ಹಾಕಿದೆವು. ನಿಯಮವನ್ನು ಅಟ್ಟಕ್ಕೆ ಹಾಕಲು ಬರಲಿಲ್ಲ.

ನಿಯಮ ಇದು: ಬಂದವರನ್ನು ನಿಲ್ಲಿಸಿ 'ಇಲ್ಲ' ಅನ್ನಬಾರದು. ಇಲ್ಲ ಅನ್ನುವುದೇ ಆದರೆ ಕೂರಿಸಿ ಹೇಳಬೇಕು. ಅಂಗಡಿಗೆ ಯಾರೋ ಹೆಂಗಸು ಬಂದು ಗಿಳಿಹಸಿರು ಸೀರೆ ಕೇಳುತ್ತಾಳೆ ಎನ್ನಿ. ಗಿಳಿಹಸಿರು ಇಲ್ಲ. ಮಾವ ಇಲ್ಲ ಎನ್ನುವುದಿಲ್ಲ. "ಬರ್ರವ್ವಾ, ಕೂತ್ಕಳ್ರಿ" ಎಂದು ಗಾದಿ ತೋರಿಸುತ್ತಾರೆ. ನೀರು ಕೊಡುತ್ತಾರೆ. ಯಾವೂರು, ಮಕ್ಕಳೆಷ್ಟು, ಮಳೆ ಹೆಂಗೆ ಎಲ್ಲ ವಿಚಾರಿಸುತ್ತಾರೆ. ಕೊನೆಗೆ, ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದು ತಿಳಿಸುವ ದನಿಯಲ್ಲಿ, "ಆ ಬಣ್ಣ ಸದ್ಯಕ್ಕೆ ಬಂದಿಲ್ರವ್ವಾ" ಎನ್ನುತ್ತಾರೆ. ಅಷ್ಟರಲ್ಲಿ ಆಕೆ ಇನ್ಯಾವುದೋ ಸೀರೆ ಆರಿಸಿಯಾಗಿರುತ್ತದೆ. ಇದು ವ್ಯಾಪಾರದ ಉಪಾಯ ಎಂದು ನಾನು ಒಮ್ಮೆ ನಕ್ಕಿದ್ದಕ್ಕೆ ಮಾವನಿಗೆ ಬೇಸರವಾಗಿತ್ತು. "ನಿಂತೋರಿಗೆ ಇಲ್ಲ ಅಂದ್ರೆ ಓಡಿಸಿದಂಗೆ ಕಣವ್ವಾ. ಕೂತೋರಿಗೆ ಅಂದ್ರೆ ಅದು ಮಾತು" ಎಂದಿದ್ದರು.

ಚೆಂದದ ಮಾತು, ಒಪ್ಪುತ್ತೇನೆ. ಆದರೆ ಅಡುಗೆಮನೆಯಲ್ಲಿ ಬೆಂದವಳು ನಾನು. ಬಕೆಟ್ ಮಾರುವವರು, ಬೆಡ್‌ಶೀಟ್ ಮಾರುವವರು, ಗ್ಯಾಸ್ ಒಲೆ ರಿಪೇರಿಯವರು, ವಿಳಾಸ ತಪ್ಪಿ ಬಂದವರು ಎಲ್ಲರೂ ನಮ್ಮ ಸೋಫಾದ ಮೇಲೆ ಕೂತು ನೀರು ಕುಡಿದು 'ಇಲ್ಲ' ಕೇಳಿಸಿಕೊಂಡು ಹೋಗಿದ್ದಾರೆ. ಒಬ್ಬ ಬಕೆಟ್ಟಿನವನಂತೂ ನನ್ನ ಕೈಯ ಅವಲಕ್ಕಿ ತಿಂದು, ಉಪ್ಪು ಕಮ್ಮಿ ಅಂದ.

ಮೂರು ವರ್ಷದ ಹಿಂದೆ, ಪ್ರಶ್ನೆಪತ್ರಿಕೆಯ ನೆಪ ಹೇಳಿ ನಾನು ಮನೆಗೆ ಕಂಪ್ಯೂಟರ್ ತರಿಸಿದೆ. ನಾನು ಇಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಸಂಜೆ ಅದು ನನ್ನದು, ಮಧ್ಯಾಹ್ನ ಮಾವನದು. ಮಾವ ನೋಡುತ್ತಿದ್ದದ್ದು ಒಂದೇ, ಹೋರಿ ಹಬ್ಬದ ವಿಡಿಯೋ. ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ಹೋರಿಗಳಿಗೆ ಬಲೂನು, ಒಣಕೊಬ್ಬರಿ ಹಾರ ಕಟ್ಟಿ ಓಡಿಸುತ್ತಾರೆ. ಹಿಡಿಯುವವರು ನೂರು ಜನ, ಓಡುವುದು ಒಂದು. ಹೋರಿ ಯಾರ ಕೈಗೂ ಸಿಗದೆ ದಾಟಿದರೆ ಮಾವ ಮನೆಯಲ್ಲಿ ಕೂತು ಶಿಳ್ಳೆ ಹಾಕುತ್ತಿದ್ದರು. ನಡುವೆ ಏನಾದರೂ ಚೌಕ ಇಳಿದು 'ಅನುಮತಿಸಿ' ಎಂದರೆ "ಪಾಪ, ಏನೋ ಕೇಳ್ತಾರೆ" ಎಂದು ಅನುಮತಿಸುತ್ತಿದ್ದರು. ಇದನ್ನು ಮನೆಯವರೆಲ್ಲ ನೋಡಿದ್ದರು. ಮುಂದೆ ಬಂದ ಅನಾಹುತಕ್ಕೆ ಇದೇ ಸಾಕ್ಷಿಯಾಯಿತು.

ಈಗ ನನ್ನ ಪಾಲಿನ ಕಥೆ. ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಆಮಂತ್ರಣ ಪತ್ರಿಕೆ ಮಾಡಬೇಕಿತ್ತು. "ಅಕ್ಷರ ಸ್ವಲ್ಪ ಕುಣಿಯೋ ಹಂಗಿರಲಿ ಟೀಚರ್" ಎಂದರು ಹೆಡ್‌ಮಾಸ್ಟರು. ಕುಣಿಯುವ ಕನ್ನಡ ಅಕ್ಷರ ಪುಕ್ಕಟೆ ಎಲ್ಲಿ ಸಿಗುತ್ತದೆ ಎಂದು ಹುಡುಕಿದೆ. ಒಂದು ಪುಟ ಸಿಕ್ಕಿತು. ಅದರಲ್ಲಿ 'ಡೌನ್‌ಲೋಡ್' ಎಂಬ ಹಸಿರು ಗುಂಡಿ ಒಂದಲ್ಲ, ಆರು ಇದ್ದವು. ಸಂತೆಯಲ್ಲಿ ಬದನೆಕಾಯಿ ಆರಿಸುವ ಕೈ ನನ್ನದು, ದಪ್ಪಗಿದ್ದದ್ದನ್ನು ಒತ್ತಿದೆ. ಆಮೇಲೆ ಅದು ಒಂದೊಂದೇ ಪುಟ ತೋರಿಸುತ್ತ ಹೋಯಿತು, ಸಣ್ಣ ಸಣ್ಣ ಅಕ್ಷರ. ನಾನು ನೆಕ್ಸ್ಟ್, ನೆಕ್ಸ್ಟ್, ಒಪ್ಪಿದೆ, ನೆಕ್ಸ್ಟ್. ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ 'ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ' ಎಂದು ಬಡಿದುಕೊಂಡವಳು ನಾನೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಕುಣಿಯುವ ಅಕ್ಷರ ಬರಲಿಲ್ಲ. ಬದಲಿಗೆ ಮಿಕ್ಕದ್ದೆಲ್ಲ ಕುಣಿಯತೊಡಗಿತು. ಬ್ರೌಸರ್ ತೆರೆದರೆ ನನ್ನ ಹಳೆಯ ಪುಟ ಹೋಗಿ ಯಾವುದೋ ಗೊತ್ತಿಲ್ಲದ ಹುಡುಕಾಟದ ಪುಟ ಬಂದು ಕೂತಿತ್ತು. 'ಹಳಗನ್ನಡ ವ್ಯಾಕರಣ' ಎಂದು ಹುಡುಕಿದರೆ ಬೊಕ್ಕತಲೆಗೆ ಎಣ್ಣೆ ತೋರಿಸುತ್ತಿತ್ತು. 'ಸಂಧಿ' ಎಂದರೆ ಸಂಧಿವಾತದ ಮುಲಾಮು. ಇದನ್ನೆಲ್ಲ ಸಹಿಸಬಹುದಿತ್ತು. ಮೂರನೇ ದಿನ ಕವಿತಾ ಬಂದಳು.

ಮೂಲೆಯಿಂದ 'ಟಿಂಗ್' ಎಂದು ಮೇಲೆದ್ದ ಪಟದಲ್ಲಿ ಬಂಗಾರದ ಕೂದಲಿನ, ಹಾಲುಬಿಳುಪಿನ, ನೀಲಿ ಕಣ್ಣಿನ ಹೆಂಗಸು. ಮೈಮೇಲೆ ಉಣ್ಣೆಯ ಕೋಟು. ಹಿಂದೆ ಹಿಮದ ಬೆಟ್ಟ. ಕೆಳಗೆ ಬರೆದಿತ್ತು: 'ಕವಿತಾ, ಸೊರಬ. ಏಕಾಂಗಿ ಮಹಿಳೆ ನಿಮಗಾಗಿ ಕಾಯುವುದು ಇದೆ.' ಸೊರಬದಲ್ಲಿ ಹಿಮ ಬಿದ್ದದ್ದು ಯಾವಾಗ ಎಂದು ನಾನು ಬೆರಗಾದೆ. ಮೊದಲು ಸಿಟ್ಟು ಬಂದದ್ದು ವಾಕ್ಯರಚನೆಯ ಮೇಲೆ, ಸುಳ್ಳೇಕೆ ಹೇಳಲಿ, ಕೆಂಪು ಪೆನ್ನು ಹುಡುಕಿದೆ. ಆಮೇಲೆ ಹೆದರಿಕೆ ಬಂತು, ಸ್ವಿಚ್ ಆರಿಸಿ ಹೊದಿಕೆ ಹೊದಿಸಿದೆ.

ಗುಟ್ಟು ಹೊರಬಿದ್ದದ್ದು ನನ್ನ ನಾದಿನಿ ಗಿರಿಜಾಳ ಮುಂದೆ. ಆನವಟ್ಟಿಗೆ ಕೊಟ್ಟ ಮಗಳು, ಮಾವನ ಪ್ರಾಣ. ದಿನಾ ಸಂಜೆ ಐದಕ್ಕೆ ಸರಿಯಾಗಿ ಅಪ್ಪನಿಗೆ ಫೋನ್ ಮಾಡುತ್ತಿದ್ದಳು. ಏನು ಮಾತು ಅನ್ನುತ್ತೀರಿ, ಚಾ ಆಯ್ತಾ, ಮಂಡಿ ಹೆಂಗೈತೆ, ಇವತ್ತು ಯಾವ ಹೋರಿ ನೋಡಿದ್ರಿ, ಇಷ್ಟೇ. ಇಷ್ಟಕ್ಕಾಗಿ ಮಾವ ನಾಲ್ಕೂಮುಕ್ಕಾಲಿಗೇ ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟುಕೊಂಡು ಕನ್ನಡಕ ಒರೆಸುತ್ತ ಕೂರುತ್ತಿದ್ದರು. ಎರಡು ದಿನ ಬಿಟ್ಟು ಗಿರಿಜಾ ಬಂದವಳು ಮಧ್ಯಾಹ್ನದ ಹೊತ್ತಿನಲ್ಲಿ ಅಪ್ಪನ ಪಕ್ಕ ಕುರ್ಚಿ ಎಳೆದುಕೊಂಡು ಹೋರಿ ನೋಡಲು ಕೂತಳು. ಹೋರಿಗಿಂತ ಮೊದಲು ಕವಿತಾ ಓಡಿಬಂದಳು.

"ಯಾರಿದು ಅಪ್ಪಾಜಿ?" ಎಂದಳು ಗಿರಿಜಾ.

"ಗೊತ್ತಿಲ್ಲವ್ವಾ. ಎರಡು ದಿನದಿಂದ ಬರ್ತಾಳೆ. ಸೊರಬದೋಳಂತೆ" ಎಂದರು ಮಾವ, ಬಕೆಟ್ಟಿನವನ ಬಗ್ಗೆ ಹೇಳುವಷ್ಟೇ ಸಲೀಸಾಗಿ.

ಮುಗಿಯಿತು. ಗಿರಿಜಾ ಎದ್ದು ಅಡುಗೆಮನೆಗೆ ಬಂದು ಗೋಡೆಗೆ ಒರಗಿ ಅತ್ತಳು. "ಅಮ್ಮ ಹೋಗಿ ನಾಲ್ಕು ವರ್ಷ ಆಗಿಲ್ಲ ಅತ್ತಿಗೆ. ಈ ವಯಸ್ಸಲ್ಲಿ ಇದೆಲ್ಲ ನೋಡ್ತಾರಂದ್ರೆ! ಒಂದು ಸಲ ನೋಡಿದ್ರೆ ತಾನೆ ಅದು ಮತ್ತೆ ಮತ್ತೆ ಬರೋದು? ನನ್ನ ಗಂಡ ಹೇಳ್ತಿದ್ರು." ಸಂಜೆ ನಮ್ಮವರು ಕೆಲಸದಿಂದ ಬಂದು ವಿಷಯ ಕೇಳಿ, ಅಪ್ಪನನ್ನು ಏನೂ ಕೇಳದೆ, ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿದರು. ಗಿರಿಜಾ ಅಪ್ಪನಿಗೆ ಹೇಳದೆ ಬಸ್ಸು ಹತ್ತಿದಳು.

ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಯಾಕೆಂದರೆ ಅದಕ್ಕೆ ಹದಿನೈದು ದಿನ ಮುಂಚೆ ಶಾಲೆಯಲ್ಲಿ ಪೋಷಕರನ್ನೆಲ್ಲ ಕೂರಿಸಿ 'ಅಂತರ್ಜಾಲ ಬಳಕೆಯಲ್ಲಿ ಎಚ್ಚರ' ಎಂದು ಮುಕ್ಕಾಲು ಗಂಟೆ ಭಾಷಣ ಬಿಗಿದವಳು ನಾನೇ. ಶಾಲು ಹೊದಿಸಿದ್ದರು. ಆ ಶಾಲು ಇನ್ನೂ ಮಡಿಕೆ ಬಿಚ್ಚಿರಲಿಲ್ಲ. ಹೇಗೋ ಸದ್ದಿಲ್ಲದೆ ಅದನ್ನು ತೆಗೆದುಬಿಟ್ಟರೆ ಎಲ್ಲ ಸರಿಯಾದೀತು ಎಂದುಕೊಂಡೆ. ಮಾವ ಮಾರನೆಯ ದಿನ ನಾಲ್ಕೂಮುಕ್ಕಾಲಿಗೆ ಫೋನು ಕಿಟಕಿಯ ಕಟ್ಟೆಗೆ ಇಟ್ಟುಕೊಂಡು ಕನ್ನಡಕ ಒರೆಸಿದರು. ಐದಾಯಿತು, ಐದೂವರೆಯಾಯಿತು. "ಅದಕ್ಕೆ ಚಾರ್ಜು ಐತೇನು ನೋಡವ್ವಾ" ಎಂದರು. ಚಾರ್ಜು ಪೂರ್ತಿ ಇತ್ತು.

ಇನ್ನು ನನ್ನ ಯುದ್ಧ. ಶಾಲೆ ಬಿಟ್ಟ ಕೂಡಲೇ ಬಂದು ಬಾಗಿಲು ಹಾಕಿಕೊಂಡು ಕೂರುತ್ತಿದ್ದೆ. ಮೊದಲು ಕಂಪ್ಯೂಟರಿನಲ್ಲಿ ಏನೇನು ತುಂಬಿದೆ ಎಂಬ ಪಟ್ಟಿ ತೆಗೆದೆ. ನಾನು ಹಾಕದ ಹೆಸರೊಂದು ಅಲ್ಲಿತ್ತು. 'ತೆಗೆ' ಎಂದು ಒತ್ತಿದೆ. ಅದು ಅಳುವ ಮುಖದ ಚಿತ್ರ ತೋರಿಸಿ 'ನಿಜವಾಗಿಯೂ ನಮ್ಮನ್ನು ಬಿಡುತ್ತೀರಾ?' ಎಂದು ಕೇಳಿತು. ಬಿಡುತ್ತೇನೆ ಕಣೋ ಎಂದು ಗಟ್ಟಿಯಾಗಿಯೇ ಹೇಳಿ ಒತ್ತಿದೆ. ಹೋಯಿತು. ಸ್ವಿಚ್ ಆರಿಸಿ ಹಾಕಿದರೆ ಕವಿತಾ ಅಲ್ಲೇ ಇದ್ದಳು, ಈ ಸಲ ಕೆಂಪು ಟೋಪಿ ಬೇರೆ ಹಾಕಿಕೊಂಡಿದ್ದಳು.

ಆಮೇಲೆ ಬ್ರೌಸರಿಗೆ ಅಂಟಿಕೊಂಡಿದ್ದ, ಎಕ್ಸ್‌ಟೆನ್ಶನ್ ಎನ್ನುವ ಪುಟ್ಟ ತುಂಡೊಂದು ಕಣ್ಣಿಗೆ ಬಿತ್ತು. ಅದನ್ನು ಕೀಳಲು ಹೋದರೆ ಕೀಳುವ ಗುಂಡಿಯೇ ಮಂಕಾಗಿತ್ತು, ಒತ್ತಿದರೆ ಒತ್ತಿಸಿಕೊಳ್ಳುತ್ತಿರಲಿಲ್ಲ. ಪಕ್ಕದಲ್ಲಿ 'ಇದನ್ನು ನಿಮ್ಮ ಸಂಸ್ಥೆಯು ನಿರ್ವಹಿಸುತ್ತಿದೆ' ಎಂದಿತ್ತು. ಯಾವ ಸಂಸ್ಥೆ? ಈ ಮನೆಯಲ್ಲಿ ಹಾಲಿನ ಪ್ಯಾಕೆಟ್ಟಿನಿಂದ ಹಿಡಿದು ಸೊಳ್ಳೆಪರದೆಯವರೆಗೆ ನಿರ್ವಹಿಸುತ್ತಿರುವ ಸಂಸ್ಥೆ ನಾನೊಬ್ಬಳೇ! ನನಗೇ ಗೊತ್ತಿಲ್ಲದ ಹಾಗೆ ಇನ್ನೊಂದು ಸಂಸ್ಥೆ ನಮ್ಮ ಮನೆಯಲ್ಲಿ ಕಚೇರಿ ತೆರೆದಿತ್ತು.

ಕೊನೆಗೆ ಬ್ರೌಸರನ್ನೇ ಬುಡಸಮೇತ ಕಿತ್ತು ಹೊಸದು ಹಾಕಿದೆ. ನನ್ನ ಖಾತೆಯ ಹೆಸರು, ಪಾಸ್‌ವರ್ಡ್ ಕೊಟ್ಟೆ. ನಾನು ಗುರುತು ಹಾಕಿಟ್ಟುಕೊಂಡಿದ್ದ ಅಡುಗೆಯ ಪುಟ, ವ್ಯಾಕರಣದ ಪುಟ ಎಲ್ಲ ಒಂದೊಂದಾಗಿ ವಾಪಸು ಬಂದವು. ಆಹಾ ಎನ್ನುವಷ್ಟರಲ್ಲಿ ಕವಿತಾಳೂ ಬಂದಳು. ತವರಿಗೆ ಅಟ್ಟಿದ ಸೊಸೆ ಟ್ರಂಕು ಸಮೇತ ಮರುದಿನದ ಬಸ್ಸಿಗೇ ಇಳಿದ ಹಾಗೆ. ಅಷ್ಟರಲ್ಲಿ ಮೂರು ವಾರ ಕಳೆದಿತ್ತು. ಮಾವ ಹೋರಿಯ ಮಾತೇ ಎತ್ತುತ್ತಿರಲಿಲ್ಲ. ಮಧ್ಯಾಹ್ನವೆಲ್ಲ ಹೊದಿಕೆ ಹೊದ್ದ ಕಂಪ್ಯೂಟರಿಗೆ ಬೆನ್ನು ಹಾಕಿ ಕೂತಿರುತ್ತಿದ್ದರು. ಫೋನು ಮಾತ್ರ ದಿನಾ ಕಿಟಕಿಯ ಕಟ್ಟೆ ಹತ್ತುತ್ತಿತ್ತು.

ಇನ್ನು ನನ್ನಿಂದಾಗದು ಎಂದು ಶಿರಾಳಕೊಪ್ಪದಿಂದ ಕಲಂದರ್ ಸಾಬರನ್ನು ಕರೆಸಿದೆ. ಸಾಬರು ಮೊದಲು ಹೊಲಿಗೆ ಮಷೀನು ರಿಪೇರಿ ಮಾಡುತ್ತಿದ್ದವರು. ಮಾವನ ಅಂಗಡಿಯ ಮುಂದಿನ ಟೈಲರುಗಳಿಗೆಲ್ಲ ಅವರೇ ಡಾಕ್ಟರು. ಆಮೇಲೆ ರೇಡಿಯೋ, ಆಮೇಲೆ ಟಿವಿ, ಈಗ ಕಂಪ್ಯೂಟರು. ಕಂಪ್ಯೂಟರಿಗೆ ಬೇಡದಿದ್ದರೂ ಒಂದು ಎಣ್ಣೆಯ ಡಬ್ಬಿ ಚೀಲದಲ್ಲಿ ಇಟ್ಟುಕೊಂಡೇ ಬರುತ್ತಾರೆ. ಬಂದವರು ಮಷೀನಿಗೆ ಕಿವಿಯಿಟ್ಟು ಕೇಳಿದರು, ಅರ್ಧ ಗಂಟೆ ಏನೇನೋ ತೆರೆದು ನೋಡಿದರು.

"ಟೀಚರಮ್ಮ, ಇದರ ಮನೆ ಒಂದಲ್ಲ. ಇಲ್ಲಿ ನೋಡ್ರಿ, ದಿನಾ ಮಷೀನು ಎದ್ದ ಕೂಡ್ಲೆ ಅದನ್ನ ಕರ್ಕಂಡು ಬಾ ಅಂತ ಒಬ್ಬನ್ನ ಬಾಗಿಲ ಹಿಂದೆ ನಿಲ್ಲಿಸ್ಯಾರೆ. ನೀವು ಅದನ್ನ ಹೊರಗೆ ಹಾಕ್ತೀರಿ, ಇವನು ಮತ್ತೆ ಕರೀತಾನೆ. ನಿಮ್ಮ ಖಾತೇನೂ ಅದನ್ನ ನೆನಪಿಟ್ಕಂಡೈತೆ. ಮೊದ್ಲು ಇವೆರಡನ್ನ ನಿಲ್ಲಿಸ್ಬೇಕು."

"ಕಳ್ಳ ಹೆಂಗೆ ಒಳಗೆ ಬಂದ ಸಾಬ್ರೆ?" ಎಂದೆ, ಏನೂ ಅರಿಯದವಳ ಹಾಗೆ.

"ಕಳ್ಳ ಅಲ್ರೀ. ಬರ್ಲಾ ಅಂತ ಕೇಳ್ಯೈತೆ, ಯಾರೋ ಬಾ ಅಂದಾರೆ." ಸಾಬರು ಇನ್ನೊಂದು ಪಟ್ಟಿ ತೆರೆದರು. ಯಾವ ದಿನ, ಎಷ್ಟು ಹೊತ್ತಿಗೆ, ಏನು ಇಳಿಸಿದ್ದು ಎಲ್ಲ ಅಲ್ಲಿತ್ತು. 'ಸುಂದರ ಕನ್ನಡ ಅಕ್ಷರ ಉಚಿತ.' ಸಂಜೆ ಏಳೂ ಹತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ನನ್ನ ಕೈ ತಾನಾಗಿಯೇ ಹೆಗಲಿಗೆ ಹೋಯಿತು. ಸಾಬರು ಕನ್ನಡಕದ ಮೇಲಿಂದ ಒಮ್ಮೆ ನೋಡಿದರು.

"ಎಲ್ಲಾ ಅಳಿಸಿಬಿಡಿ" ಎಂದೆ.

"ಎಲ್ಲಾನೂ?"

"ಒಂದೂ ಉಳೀಬಾರ್ದು ಸಾಬ್ರೆ."

ಅಳಿಸಿದರು. ಬಾಗಿಲ ಹಿಂದಿನವನನ್ನು ಓಡಿಸಿದರು, ಇನ್ನೊಂದು ಸಂಸ್ಥೆಯ ಕಚೇರಿ ಮುಚ್ಚಿಸಿದರು. ಐದು ಸಲ ಆರಿಸಿ ಹಾಕಿ ತೋರಿಸಿದರು. ಕವಿತಾ ಬರಲಿಲ್ಲ. ಮನೆ ತಣ್ಣಗಾಯಿತು. ಆದರೆ ಆ ಸಂಜೆಯೂ ಐದು ಗಂಟೆಗೆ ಫೋನು ಬರಲಿಲ್ಲ. ಆಗ ನನಗೆ ಬುದ್ಧಿ ಬಂತು, ಕಂಪ್ಯೂಟರಿನಿಂದ ತೆಗೆದದ್ದನ್ನು ಗಿರಿಜಾಳ ತಲೆಯಿಂದ ತೆಗೆಯಲು ಸಾಬರ ಕೈಯಲ್ಲೂ ಆಗುವುದಿಲ್ಲ. ನಾನೇ ಹೇಳಬೇಕು.

ಭಾನುವಾರ ಗಿರಿಜಾ ಬಂದಳು. ಅಪ್ಪನ ಜೊತೆ ಮಾತು ಬಿಟ್ಟಿದ್ದರೂ ನನ್ನ ರೊಟ್ಟಿಯ ಜೊತೆ ಮುನಿಸಿರಲಿಲ್ಲ. ನಾನು ಒಲೆಯ ಮುಂದೆ ನಿಂತಿದ್ದೆ, ಅವಳೂ ನಮ್ಮವರೂ ತಟ್ಟೆ ಹಿಡಿದು ನಿಂತಿದ್ದರು. ಒಂದು ರೊಟ್ಟಿ ತಿರುವಿ ಹಾಕಿ ತಟಕ್ಕನೆ ಹೇಳಿಬಿಟ್ಟೆ. "ಅದು ಮಾವ ಮಾಡಿದ್ದಲ್ಲ. ನಾನು ಮಾಡಿದ್ದು. ಅಕ್ಷರ ಇಳಿಸೋಕೆ ಹೋಗಿ ಅದನ್ನ ಇಳಿಸಿದೆ."

ಗಿರಿಜಾ ತಟ್ಟೆ ಕೆಳಗಿಟ್ಟಳು. ಬಂದು ನನ್ನನ್ನು ತಬ್ಬಿಕೊಂಡಳು. "ಅತ್ತಿಗೆ, ನೀನು ದೇವರು. ಅಪ್ಪಾಜಿ ಮಾನ ಮುಚ್ಚೋಕೆ ನಿನ್ನ ತಲೆ ಮೇಲೆ ಹಾಕ್ಕೊಳ್ತೀಯಲ್ಲ!"

"ಅಯ್ಯೋ, ನಿಜ ಕಣೇ!"

"ಗೊತ್ತು, ಗೊತ್ತು. ಭಾಷಣ ಮಾಡಿದೋಳು ನೀನು. ನೀನು ಒತ್ತೋಕೆ ಸಾಧ್ಯನಾ?"

ನಮ್ಮವರ ಕಣ್ಣು ತೇವವಾಗಿತ್ತು. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಆ ಮನುಷ್ಯ ನನ್ನನ್ನು ಅಷ್ಟು ಗೌರವದಿಂದ ನೋಡಿದ್ದು ಅದೇ ಮೊದಲು. ಪುರಾವೆ ತೋರಿಸೋಣವೆಂದು ಕಂಪ್ಯೂಟರಿಗೆ ಓಡಿದೆ. ಪುರಾವೆ ಎಲ್ಲಿಂದ ಬರಬೇಕು? ಒಂದೂ ಉಳಿಯಬಾರದು ಎಂದವಳು ನಾನೇ. ಸಾಬರಿಗೆ ಫೋನ್ ಮಾಡಿದೆ. "ಟೀಚರಮ್ಮ, ಒಬ್ಬರ ಮಷೀನ್ನಾಗೆ ನೋಡಿದ್ದು ಇನ್ನೊಬ್ಬರ ಮುಂದೆ ಆಡಲ್ಲ. ನಮ್ಮ ಉಸ್ತಾದ್ರು ಹಾಕಿದ ಕಟ್ಟಳೆ" ಎಂದು ಇಟ್ಟುಬಿಟ್ಟರು. ಸಾಬರಿಗೂ ನಾನೇ ಹೇಳಿಕೊಟ್ಟಿದ್ದೇನೆ ಎಂದು ಗಿರಿಜಾ ಮತ್ತೊಮ್ಮೆ ಅತ್ತಳು. ನಿಜ ಹೇಳಿ ನನಗೆ ದೇವರ ಪಟ್ಟ ಸಿಕ್ಕಿತು, ಮಾವನ ಮುಖಕ್ಕೆ ಇನ್ನೊಂದು ಪದರ ಮಸಿ ಬಿತ್ತು.

ಮಾವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಬೈಯಲಿಲ್ಲ, ಅಳಲಿಲ್ಲ. ಕೇಳಿದ್ದು ಇಷ್ಟೇ. "ತೆಗೆದಾಯ್ತಾ ಹಂಗಾರೆ?"

"ಆಯ್ತು ಮಾವ."

"ಆ ಸೊರಬದಾಕೆಗೆ ಹೇಳಿ ತೆಗೆದ್ರೋ, ಹಂಗೇ ತೆಗೆದ್ರೋ?"

ಗಿರಿಜಾ ಹಣೆ ಚಚ್ಚಿಕೊಂಡಳು.

ಸೋಮವಾರ ಬೆಳಿಗ್ಗೆ ಅಟ್ಟದ ಮೇಲೆ ಸದ್ದು. ನೋಡಿದರೆ ಮಾವ, ಮಂಡಿ ನೋವು ಮರೆತು ಏಣಿ ಹತ್ತಿ, ರವಿಕೆ ಕಣದ ಗಂಟು ಬಿಚ್ಚಿದ್ದಾರೆ. ಒಂದನ್ನು ಆರಿಸಿ ಅಂಗಡಿಯ ಕವರಿಗೆ ಹಾಕಿದರು. ಗಂಜಿ ಹಾಕಿದ ಪಂಚೆ, ಇಸ್ತ್ರಿ ಅಂಗಿ. "ಎಲ್ಲಿಗೆ ಮಾವ?" ಎಂದರೆ "ಸೊರಬಕ್ಕೆ" ಎಂದರು.

ಊರವರು ಯಾರಾದರೂ ನೋಡಿದರೆ ಕಥೆ ಮುಗಿದ ಹಾಗೆಯೇ. ಆಕೆ ನಿಜವಲ್ಲ, ಅದು ಜಾಹೀರಾತು, ಆ ಪಟ ಯಾವುದೋ ದೇಶದ್ದು ಎಂದು ಕೈ ಮುಗಿದು ಹೇಳಿದೆ.

"ಪಟ ಸುಳ್ಳೇ ಇರಬೋದವ್ವಾ. ನಮ್ಮಂಗಡಿ ಬೋರ್ಡಿನ ಮೇಲೂ ಸೀರೆ ಉಟ್ಟ ಹೆಂಗ್ಸಿನ ಪಟ ಇತ್ತು. ಅವಳು ಅಂಗಡಿ ಒಳಗೆ ಇದ್ಲೇನು? ಆದ್ರೆ ಬೋರ್ಡ್ ಹಿಂದೆ ನಾನಂತೂ ಇದ್ನಲ್ಲ. ಇದರ ಹಿಂದೂ ಯಾರೋ ಇರ್ತಾರೆ. ಕಾಯ್ತೀನಿ ಅಂತ ಮೂರು ವಾರ ಹೇಳಿ ಕಳ್ಸಿದ್ಲು. ಇದ್ರೆ? ಕೂರಿಸಿ ಹೇಳ್ಬೇಕೋ ಬ್ಯಾಡ್ವೋ?"

ಶಾಲೆಗೆ ಹೊಟ್ಟೆನೋವು ಎಂದು ಫೋನ್ ಮಾಡಿ ಜೊತೆಗೆ ಹೊರಟೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವಾಗ ಪರಿಚಯದವರು ಕಂಡರೆಂದು ಸೆರಗು ತಲೆಗೆ ಹೊದ್ದೆ. ಸೊರಬದಲ್ಲಿ ಇಳಿದ ಮೇಲೆ ಮಾವ ಕವರು ಎದೆಗವಚಿಕೊಂಡು ಒಂದೊಂದೇ ಬೆಂಚಿನ ಮುಂದೆ ನಿಂತು ಕೇಳತೊಡಗಿದರು. "ಇಲ್ಲಿ ಕವಿತಾ ಅನ್ನೋರು ಯಾರಾದ್ರೂ ಕಾಯ್ತಿದಾರೇನ್ರೀ?" ನಾನು ಕಬ್ಬಿನ ಹಾಲಿನ ಅಂಗಡಿಯ ಹಿಂದೆ ನಿಂತು, ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ.

ಮೂರನೇ ಬೆಂಚಿನಲ್ಲಿ ನಲವತ್ತರ ಆಸುಪಾಸಿನ ಹೆಂಗಸು ಬಟ್ಟೆಯ ದೊಡ್ಡ ಗಂಟು ಇಟ್ಟುಕೊಂಡು ಕೂತಿದ್ದಳು. ಎದ್ದು ನಿಂತಳು. "ನಾನೇ ಕವಿತಾ. ಯಾಕ್ರೀ ಅಜ್ಜಾರೆ?"

ಕಬ್ಬಿನ ಗಾಣ ನಿಂತ ಹಾಗೆ ನನಗನ್ನಿಸಿತು.

"ಭಾಳ ಹೊತ್ತಿಂದ ಕಾಯ್ತಿದೀರೇನವ್ವಾ?" ಎಂದರು ಮಾವ.

"ಹೂಂ ಮಾರಾಯ್ರೆ, ಕಾದೂ ಕಾದೂ ಸಾಕಾಗೋಯ್ತು."

ಮಾವ ತಿರುಗಿ ನನ್ನ ಕಡೆ ಒಂದು ನೋಟ ನೋಡಿದರು. ಆ ನೋಟ ಇವತ್ತಿಗೂ ಮರೆತಿಲ್ಲ. ಆಮೇಲೆ ಆಕೆಯನ್ನು ಬೆಂಚಿನ ಮೇಲೆ ಕೂರಿಸಿದರು, ತಾವೂ ಒಂದು ಮೊಳ ದೂರದಲ್ಲಿ ಕೂತರು. ನೀರಿನ ಬಾಟಲಿ ಕೊಟ್ಟರು. ಯಾವೂರು ಎಂದರು, ಆನವಟ್ಟಿ ಎಂದಳು. ಮಕ್ಕಳೆಷ್ಟು ಎಂದರು, ಇಬ್ಬರು ಎಂದಳು. ಮಳೆಯ ಮಾತಾಯಿತು. ಕೊನೆಗೆ ಆ ಹುಷಾರಿಲ್ಲದ ದನಿ ಬಂತು. "ಇನ್ನು ಕಾಯಬ್ಯಾಡವ್ವಾ. ಅದು ನಮ್ಮಿಂದ ಆಗೋ ಮಾತಲ್ಲ. ನಂಗೂ ಎಪ್ಪತ್ತೊಂದಾತು."

"ಯಾಕ್ರೀ? ಬಸ್ಸು ಬರಲ್ವಂತಾ?"

"ಬಸ್ಸಿನ ವಿಚಾರ ನಂಗೊತ್ತಿಲ್ಲ. ನಾ ಬರಲ್ಲ. ಬರಿಗೈಲಿ ಕಳಿಸ್ಬಾರ್ದು, ಇದು ಇಟ್ಕಳ್ರಿ" ಎಂದು ಕವರು ಕೊಟ್ಟರು.

ಆಕೆಗೆ ಏನೊಂದೂ ಅರ್ಥವಾಗಿರಲಿಲ್ಲ. ಆದರೆ ಕಣ ಕಂಡ ಕೂಡಲೇ ಕೈ ತಾನಾಗಿ ಅದನ್ನು ಬಿಡಿಸಿ ಗೇಣು ಹಾಕಿತು. ಆಕೆ ಟೈಲರು, ಗಂಟಿನಲ್ಲಿದ್ದದ್ದು ಗಿರಾಕಿಗಳ ಬಟ್ಟೆ. "ಅಜ್ಜಾರೆ, ಇದು ಎಂಬತ್ತು ಸೆಂಟಿಮೀಟ್ರೇ ಐತೆ. ಮೀಟರಿದ್ದಿದ್ರೆ ಉದ್ದ ತೋಳು ಬರ್ತಿತ್ತು."

"ಎಂಬತ್ತೇ ಕಣವ್ವಾ, ಸುಳ್ಳಾಡಲ್ಲ. ಆದ್ರೆ ಎಷ್ಟು ಒಗೆದ್ರೂ ಬಣ್ಣ ಹೋಗಲ್ಲ." ಇಬ್ಬರೂ ಬಟ್ಟೆಯ ಅಂಚು ಹಿಡಿದು ಮಾತಿಗಿಳಿದರು. ಅಷ್ಟರಲ್ಲಿ ಆನವಟ್ಟಿ ಬಸ್ಸು ಬಂತು. ಕವಿತಾ ಗಂಟು ಹೊತ್ತು, ಕವರು ಹಿಡಿದು ಹತ್ತಿ, ಕಿಟಕಿಯಿಂದ "ಬರ್ತೀನ್ರೀ ಅಜ್ಜಾರೆ" ಎಂದು ಕೈ ಬೀಸಿದಳು. ಮಾವನೂ ಬೀಸಿದರು. ನಾನೂ ಗಾಣದ ಹಿಂದಿನಿಂದ ಬೀಸಿದೆ, ಯಾಕೆಂದು ಕೇಳಬೇಡಿ.

ವಾಪಸು ಬರುವಾಗ ಮಾವ ಕಿಟಕಿಯ ಸೀಟು ನನಗೆ ಬಿಟ್ಟುಕೊಟ್ಟರು. "ಕೂತ್ಕ. ಈಗ ಹೇಳು" ಎಂದರು. ಆರು ಹಸಿರು ಗುಂಡಿಯಿಂದ ಹಿಡಿದು ಶಾಲಿನವರೆಗೆ ಎಲ್ಲ ಹೇಳಿದೆ. ಮೂರು ವಾರ ಸುಮ್ಮನಿದ್ದುದಕ್ಕೆ ನಾಚಿಕೆಯಾಗುತ್ತಿದೆ ಎಂದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು.

"ನೀನು ನಿನ್ನೆ ಹೇಳಿದಾಗ್ಲೇ ನಾನು ನಂಬ್ದೆ ಕಣವ್ವಾ. ಅವರು ಯಾಕೆ ನಂಬ್ಲಿಲ್ಲ ಗೊತ್ತಾ? ನೀನೂ ನಿಂತಿದ್ದೆ, ಅವರೂ ನಿಂತಿದ್ರು."

ಮನೆ ಮುಟ್ಟಿ ಮೂರನೆಯ ದಿನ. ಮಾವ ಎಂದಿನ ಹಾಗೆ ಕಿಟಕಿಯ ಕಟ್ಟೆಯ ಹತ್ತಿರ. ಐದಕ್ಕೆ ಸರಿಯಾಗಿ ಫೋನು ಹೊಡೆದುಕೊಂಡಿತು. ಮಾವ ಪರದೆಯ ಮೇಲಿನ ಹೆಸರು ಓದಿ, ಫೋನು ನನ್ನ ಕೈಗಿಟ್ಟರು.

"ಅತ್ತಿಗೆ," ಗಿರಿಜಾಳ ದನಿ ನಗುತ್ತಿತ್ತೋ ಅಳುತ್ತಿತ್ತೋ ತಿಳಿಯಲಿಲ್ಲ. "ಇಲ್ಲಿ ನಾನು ರವಿಕೆ ಹೊಲಿಸೋ ಟೈಲರ್ ಹತ್ರ ಹೋಗಿದ್ದೆ. ಅವಳ ಮೇಜಿನ ಮೇಲೆ ನಮ್ಮಂಗಡಿ ಕವರು! ಯಾರೋ ಅಜ್ಜಾರು ಸೊರಬದ ಬಸ್‌ಸ್ಟ್ಯಾಂಡಲ್ಲಿ ಕೂರಿಸಿ, ನೀರು ಕೊಟ್ಟು, ನಂಗಾಗಿ ಕಾಯಬ್ಯಾಡ ಅಂತ ಹೇಳಿ ಕಣ ಕೊಟ್ರಂತೆ. ಅವಳು ಬಂದೋರಿಗೆಲ್ಲ ಹೇಳ್ಕೊಂಡು ನಗ್ತಿದ್ಲು. ನಾನು ಅಲ್ಲೇ ಕೂತು ಅತ್ಬಿಟ್ಟೆ. ತಪ್ಪು ಮಾಡಿದೋನು ಯಾರಾದ್ರೂ ಬ್ಯಾಡ ಅಂತ ಹೇಳೋಕೆ ಬಸ್ಸು ಹತ್ಕೊಂಡು ಹೋಗ್ತಾನಾ ಅತ್ತಿಗೆ? ಅಪ್ಪಾಜಿಗೆ ಕೊಡು."

ಕೊಡುವ ಮುಂಚೆ ಅವಳಿಗೆ ಥಟ್ಟನೆ ಹೊಳೆಯಿತು. "ಅಂದ್ರೆ... ಒತ್ತಿದ್ದು ನಿಜವಾಗ್ಲೂ ನೀನೇನಾ?" ನನ್ನ ದೇವರ ಪಟ್ಟ ನಾಲ್ಕೇ ದಿನಕ್ಕೆ ಇಳಿಯಿತು. ನಮ್ಮವರು ಆ ಗೌರವದ ನೋಟವನ್ನು ಅಂದೇ ವಾಪಸು ತೆಗೆದುಕೊಂಡರು, ಈವರೆಗೆ ಮತ್ತೆ ಕೊಟ್ಟಿಲ್ಲ.

ಮಾವ ಫೋನು ಕಿವಿಗಿಟ್ಟುಕೊಂಡರು. ಆ ಕಡೆ ಗಿರಿಜಾ ಬಿಕ್ಕುತ್ತಿದ್ದುದು ನನಗೂ ಕೇಳುತ್ತಿತ್ತು. ಮಾವ "ಕೂತಿದೀಯೋ, ನಿಂತಿದೀಯೋ? ಮೊದ್ಲು ಕೂತ್ಕಳವ್ವಾ" ಎಂದರು. ಆಮೇಲೆ ಇಬ್ಬರೂ ಚಾ, ಮಂಡಿ, ಹೋರಿ ಎಲ್ಲ ಮಾತಾಡಿದರು. ನಾನು ಹೋಗಿ ಕಂಪ್ಯೂಟರಿನ ಪಾಸ್‌ವರ್ಡ್ ತೆಗೆದೆ.

ಇಷ್ಟೆಲ್ಲ ನಿನ್ನೆ ಆ ಪುಟ್ಟ ಚೌಕ ಇಳಿದದ್ದರಿಂದ. ಅದು ಇನ್ನೂ ಅಲ್ಲೇ ಇತ್ತು, ಅನುಮತಿಸಿ, ನಿರ್ಬಂಧಿಸಿ ಎಂದು ಎರಡು ಗುಂಡಿ ಹಿಡಿದುಕೊಂಡು. ಈಗ ನಾನು ಸಣ್ಣ ಅಕ್ಷರವನ್ನೂ ಪೂರ್ತಿ ಓದುತ್ತೇನೆ. ಓದಿದೆ. ಕೋಣೆಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ, "ಆ ಬಣ್ಣ ಸದ್ಯಕ್ಕೆ ಬಂದಿಲ್ರವ್ವಾ" ಎಂದು ಹೇಳಿ 'ನಿರ್ಬಂಧಿಸಿ' ಒತ್ತಿದೆ. ಚೌಕ ಹೋಯಿತು.

ಪಕ್ಕದ ಕೋಣೆಯಿಂದ ಮಾವ ಕೂಗಿದರು. "ಯಾರವ್ವಾ ಬಂದಿದ್ದು?"

"ಯಾರೋ ಬಂದಿದ್ರು ಮಾವ. ಹೇಳಿ ಕಳಿಸ್ದೆ."

"ಕೂರಿಸಿ ಹೇಳಿದ್ಯಾ?"